ಸುಂದರಬಾಯಿಯ ಮಧ್ಯಾಹ್ನದ ಪಾಳಿ

“ನನ್ನ ದನಿ ಚಲೋ ಇಲ್ಲ ಬಿಡ ಯಕ್ಕಾ. ಅದು ನನಗೂ ಗೊತ್ತೈತಿ, ಊರಿಗೂ ಗೊತ್ತೈತಿ. ಲಗ್ನಾಗಿ ಬಂದ ಹೊಸತರಾಗ ಒಂದು ಸೋಮಾರ ಗುಡಿಗಿ ಆರತಿಗಿ ಹೋಗಿದ್ದೆ. ಹೆಣ್ಮಕ್ಕಳೆಲ್ಲ ಹಾಡಾಕತ್ತಿದ್ರು, ನಾನೂ ಬಾಯಿ ಬಿಟ್ಟೆ. ನಮ್ಮ ತವರಾಗ ಹಂಗೇ ಇತ್ತು. ಬಂದವರು ಬಾರದವರು ಎಲ್ಲಾರೂ ಹಾಡತಿದ್ರು, ಯಾರೂ ಯಾರ ದನೀನೂ ತಕ್ಕಡ್ಯಾಗ ಇಟ್ಟು ನೋಡತಿರಲಿಲ್ಲ. ಇಲ್ಲಿ ನಾ ಬಾಯಿ ಬಿಡೂದೇ ತಡ, ಅತ್ತಿಯವರು ತಿರುಗಿ ನೋಡಿದ್ರು. ಮನಿಗಿ ಬಂದ ಮ್ಯಾಲ ಅಂದ್ರು, ‘ಏನ ಬೇ ಸುಂದ್ರಿ, ಎಣ್ಣಿ ಕಾಣದ ಬಂಡಿ ಗಾಲಿ ಕಿರಗುಟ್ಟಿದಂಗ ಕಿರಗುಟ್ಟತಿ. ದೇವ್ರು ಎದ್ದು ಹೊಲದ ಕಡಿ ಓಡಿ ಹೋದಾನು.’ ಸಿಟ್ಟಿಲೆ ಅನಲಿಲ್ಲ ಮತ್ತ, ನಕ್ಕೋಂತೇ ಅಂದ್ರು. ಖರೇನೂ ಇತ್ತು.

“ಅವತ್ತಿನಿಂದ ನಾ ಗುಡ್ಯಾಗ ಬಾಯಿ ಬಿಡಲಿಲ್ಲ. ಬಾಯಿ ಬಿಡಲಿಲ್ಲಂದ್ರ ಹಾಡೂದು ಬಿಟ್ಟೆ ಅಂತಲ್ಲ. ತುಟಿ ಮುಚಗೊಂಡು ಹಾಡತಿದ್ದೆ. ಕಸಾ ಹೊಡಿಯೋ ಮುಂದ, ಎಮ್ಮಿ ಹಿಂಡೋ ಮುಂದ. ಒಳಗ ಹಾಡಿದ್ರ ಯಾರ ಕಿವಿಗಿ ಬೀಳತೈತಿ ಹೇಳು? ಸಪ್ತಾದಾಗ ನನಗ ರೊಟ್ಟಿ ಕೆಲಸ. ಗುಡಿ ಹಿಂದಿನ ಗ್ವಾಡಿಗಿ ಹತ್ತಿ ಒಲಿ. ಆ ಕಡಿ ನಮ್ಮ ಮನಿಯವರು ವೀಣಾ ಹಾಕ್ಕೊಂಡು ನಿಂತಿರ್ತಾರ, ಈ ಕಡಿ ನಾನು ಹಿಟ್ಟಿನ ಮುಂದ ಕುಂತಿರ್ತೇನಿ. ನಡುವ ಒಂದು ಕಿಂಡಿ. ಅವರು ‘ನಮಃ’ ಅಂದ್ರ ನನ್ನ ಕೈ ಬೀಳತೈತಿ, ‘ಶಿವಾಯ’ ಅಂದ್ರ ರೊಟ್ಟಿ ತಿರುಗತೈತಿ. ಒಮ್ಮೊಮ್ಮೆ ನನಗ ತಿಳೀವಲ್ದು ಯಕ್ಕಾ, ರೊಟ್ಟಿ ಬಡಿಯಾಕತ್ತೇನೋ ಭಜನಿ ಮಾಡಾಕತ್ತೇನೋ. ಕಣ್ಣು ಮುಚ್ಚಿದ್ರ ನಡುವ ಗ್ವಾಡಿನೇ ಇಲ್ಲೇನೋ ಅನಸತೈತಿ.”

ಸುಂದರಬಾಯಿ ನನ್ನ ಪಕ್ಕದ ಮನೆಯವಳು. ನಮ್ಮಿಬ್ಬರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಎತ್ತರದ ಹೆಂಗಸು, ಮೂಳೆ ಕಾಣುವ ಮೈ, ದೊಡ್ಡ ಅಂಗೈ. ಆ ಅಂಗೈಯ ರೊಟ್ಟಿ ಬುಟ್ಟಿಯಂಚಿಗೆ ಸರಿಯಾಗಿ ಕೂತುಬಿಡುತ್ತಿತ್ತು. ಮಾತು ಕಡಿಮೆ. ಆಡಿದರೆ ಹೀಗೆ ಒಂದೇ ಉಸಿರಿಗೆ ಆಡಿ ಮುಗಿಸಿ, ಮತ್ತೆ ಎಂಟು ದಿನ ಸುಮ್ಮನಿರುವಳು. ಆಳಂದ ಕಡೆಯ ಹೆಣ್ಣು. ಅವಳ ಮಾತಿನಲ್ಲಿ ಅಲ್ಲಲ್ಲಿ ಮರಾಠಿ ಇಣುಕುತ್ತಿತ್ತು. ಗಂಡ ಶಿವರಾಯನಿಗೆ ಎರಡು ಎತ್ತಿನ ಒಕ್ಕಲುತನ, ಎದೆಯಲ್ಲಿ ದಮ್ಮು. ಮಗಳನ್ನು ಜೇವರ್ಗಿ ಕಡೆ ಕೊಟ್ಟಿದ್ದರು.

ಸಪ್ತಾಹವೆಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ನಮ್ಮೂರ ಈಶ್ವರನ ಗುಡಿಯಲ್ಲಿ ಶಿವರಾತ್ರಿಗೆ ಮುಂಚಿನ ಏಳು ದಿನ, ಹಗಲೂ ಇರುಳೂ, ಶಿವನಾಮ ನಿಲ್ಲಬಾರದು. ಒಬ್ಬರು ಕೊರಳಿಗೆ ವೀಣೆ ತೂಗಿಕೊಂಡು, ತಂತಿ ಮೀಟುತ್ತ, ನಾಮ ಹೇಳುತ್ತ ನಿಂತೇ ಇರಬೇಕು. ಕೂರುವಂತಿಲ್ಲ. ವೀಣೆ ನೆಲಕ್ಕೆ ತಾಗುವಂತಿಲ್ಲ. ಅವರ ಪಾಳಿ ಮುಗಿಯುವ ಹೊತ್ತಿಗೆ ಮುಂದಿನ ಪಾಳಿಯವರು ಬಂದು, ಅವರ ನಾಮದ ಮೇಲೆ ತಮ್ಮ ನಾಮ ಹತ್ತಿಸಿ, ಕಾಲಿಗೆ ನಮಸ್ಕಾರ ಮಾಡಿ, ಪಟ್ಟಿಯನ್ನು ತಮ್ಮ ಕೊರಳಿಗೆ ಬದಲಾಯಿಸಿಕೊಳ್ಳುತ್ತಾರೆ. ವೀಣೆ ಕೊರಳಿಂದ ಕೊರಳಿಗೆ ಹೋಗುವಾಗ ತಂತಿ ಒಂದಿಷ್ಟು ಸುಮ್ಮನಿದ್ದರೂ ನಡೆಯುತ್ತದೆ. ನಾಮ ಮಾತ್ರ ತುಂಡಾಗಬಾರದು. ತುಂಡಾಯಿತೋ, ಆಗಿದ್ದೆಲ್ಲ ನೀರಿಗೆ ಹೋಯಿತು, ಮತ್ತೆ ಮೊದಲಿನಿಂದ ಏಳು ದಿನ.

ಬೆಳಗಿನ ಪಾಳಿಗೂ ಸಂಜೆಯ ಪಾಳಿಗೂ ಜನ ನಾ ಮುಂದೆ ತಾ ಮುಂದೆ ಎನ್ನುವರು. ಆಗ ಗುಡಿ ತುಂಬಿರುತ್ತದೆ, ಹಾರ್ಮೋನಿಯಂ ಇರುತ್ತದೆ, ತಾಳದವರು ಇರುತ್ತಾರೆ, ಹಾಡಿದವನಿಗೂ ಹುರುಪು. ಮಧ್ಯಾಹ್ನದ ಪಾಳಿ ಯಾರಿಗೂ ಬೇಡ. ಪ್ರಸಾದ ಉಂಡು ಊರೆಲ್ಲ ಬೇವಿನ ನೆರಳಿಗೆ ಬಿದ್ದುಕೊಳ್ಳುವ ಹೊತ್ತು ಅದು. ತಾಳದವರು ತಾಳವನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಾರೆ. ಗುಡಿಯೊಳಗೆ ವೀಣೆಯವನೊಬ್ಬ, ದೇವರೊಬ್ಬ. ಆ ಪಾಳಿ ಶಿವರಾಯನದು. ಅವನ ಅಪ್ಪನ ಕಾಲದಿಂದ ಅವರ ಮನೆಗೆ ಬಂದದ್ದು.

ಶಿವರಾಯನಿಗೆ ಅದು ಬೇಡದ ಪಾಳಿಯಾಗಿರಲಿಲ್ಲ. ಅವನು ವರ್ಷವಿಡೀ ಅದಕ್ಕೆ ಕಾಯುತ್ತಿದ್ದ. ಊರಿನ ಪಂಚಾಯ್ತಿಕೆಯಲ್ಲಿ ಅವನ ಮಾತು ಯಾರೂ ಕೇಳುತ್ತಿರಲಿಲ್ಲ, ಸಂತೆಯಲ್ಲಿ ಎತ್ತಿನ ವ್ಯಾಪಾರಕ್ಕೆ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಆದರೆ ಆ ಏಳು ಮಧ್ಯಾಹ್ನ ಇಡೀ ಊರಿನ ನಾಮ ಅವನೊಬ್ಬನ ಕೊರಳಲ್ಲಿ. “ಅವರ ಜೀವಾ ಆ ತಂತ್ಯಾಗ ಐತಿ,” ಎನ್ನುತ್ತಿದ್ದಳು ಸುಂದರಬಾಯಿ.

ನಾನು ಹೇಳುವುದು ಎಂಬತ್ತೈದರ ಸುಮಾರಿನ ಮಾತು. ಆ ವರ್ಷ ಚಳಿಗಾಲದಲ್ಲಿ ಅವನ ದಮ್ಮು ಬಹಳ ಕೆಟ್ಟಿತು. ಗೋಡೆಯಾಚೆಯಿಂದ ಅವನ ಉಸಿರು ಬೆಳಗಿನ ಜಾವ ನನಗೆ ಕೇಳುತ್ತಿತ್ತು, ಯಾರೋ ದೂರದಲ್ಲಿ ಹಾರೆ ಹಾಕಿ ಕಲ್ಲು ಎಬ್ಬಿಸುವ ಹಾಗೆ. ಸಪ್ತಾಹದ ಪಾಳಿ ಹಂಚುವ ದಿನ, ಹಿರಿಯ ದೌಲತರಾಯ ಗೌಡರು ಗುಡಿಕಟ್ಟೆಯ ಮೇಲೆ ಅವನನ್ನು ಕರೆದು ಕೂರಿಸಿಕೊಂಡರು.

“ಶಿವರಾಯ, ಈ ಸಲ ಬಿಟ್ಟುಬಿಡೋ. ಮಲ್ಲಣ್ಣ ಹೆಂಗೂ ನಿನ್ನ ಮುಂದಿನ ಪಾಳಿಗಿ ನಿಲ್ಲತಾನ, ಅವನೇ ನಿಂದೂ ಸೇರಿಸಿ ನಿಲ್ಲಲಿ.”

“ಇದೊಂದು ವರ್ಷ ನಿಲ್ಲತೇನ್ರಿ ಗೌಡ್ರ.”

“ನಡುವ ಏನರ ಹೆಚ್ಚುಕಮ್ಮಿ ಆತಂದ್ರ? ಊರ ಜ್ವಾಳೆಲ್ಲ ಹೊಲದಾಗ ನಿಂತಾವ. ಮತ್ತ ಏಳು ದಿನಾ ಕುಂಡ್ರಾಕ ಮಂದಿಗಿ ಪುರಸೊತ್ತಿಲ್ಲ.”

“ಆಗೂದಿಲ್ರಿ.”

ಗೌಡರು ಬಹಳ ಹೊತ್ತು ಎಲೆ ಅಡಿಕೆ ಜಗಿದರು. “ಆತು. ಆದರ ಕೇಳಿಲ್ಲಿ. ನಾಮ ತಪ್ಪಿತಂದ್ರ ಪಾಳಿ ಹೋತು. ನಿಂದೂ ಹೋತು, ನಿನ್ನ ಮನಿದೂ ಹೋತು. ಆಮ್ಯಾಲ ಮಾರಿ ಸಣ್ಣ ಮಾಡಬಾರದು.”

ಈ ಮಾತು ಸುಂದರಬಾಯಿಗೆ ಆ ಸಂಜೆಯೇ ಗೊತ್ತಾಯಿತು. ಮರುದಿನದಿಂದ ಗಂಡನಿಗೆ ಶುಂಠಿ, ಬೆಲ್ಲ, ಬಿಸಿನೀರು ಶುರುಮಾಡಿದಳು.

ಸಪ್ತಾಹ ಕೂತಿತು. ಮೊದಲ ದಿನಗಳು ಸರಾಗವಾಗಿ ಹೋದವು. ಆ ಮಧ್ಯಾಹ್ನಗಳು ನನಗೆ ಇಂದಿಗೂ ಕಣ್ಣಲ್ಲಿವೆ. ಬಿಸಿಲು ಬೆಳ್ಳಗೆ ನಿಂತಿರುತ್ತಿತ್ತು, ಗಾಳಿಯಿಲ್ಲ. ಬೇವಿನ ಹಣ್ಣೆಲೆ ಒಂದೊಂದೇ ಇಳಿದು ಮಲಗಿದವರ ಎದೆಯ ಮೇಲೆ ಕೂರುತ್ತಿತ್ತು. ಗುಡಿಯ ಮೇಲೆ ಮೈಕಿನ ಲಾಡ್ಲೆಸಾಬ ಕಟ್ಟಿದ ಹಾರನ್ನು ಇತ್ತು. ಅದರಿಂದ ತಂತಿಯ ಸದ್ದು ಹೊರಟು ಊರ ಮೇಲೆ ಹಾಯ್ದು, ಕೊಯ್ಲಿಗೆ ಬಂದ ಬಿಳಿಜೋಳದ ತೆನೆಗಳ ಮೇಲೆ ಹಾಯ್ದು, ಭೀಮಾನದಿಯ ಕಡೆ ಇಳಿದು ಹೋಗುತ್ತಿತ್ತು. ಹೊಲದಲ್ಲಿ ಜೋಳ ಕೀಳುವವರ ಬೆನ್ನು ಆ ಸದ್ದಿಗೇ ಬಾಗಿ ಏಳುವಂತೆ ಕಾಣುತ್ತಿತ್ತು. ಕೇಳುತ್ತ ಕೇಳುತ್ತ, ತಂತಿ ಹೊರಗೆ ನುಡಿಯುತ್ತಿದೆಯೋ ನನ್ನ ತಲೆಯೊಳಗೆ ನುಡಿಯುತ್ತಿದೆಯೋ ತಿಳಿಯದಂತಾಗುವುದು. ಎಚ್ಚರವಿದ್ದಂತೆಯೂ ಇರುತ್ತಿದ್ದೆವು, ನಿದ್ದೆಯಲ್ಲಿದ್ದಂತೆಯೂ ಇರುತ್ತಿದ್ದೆವು.

ಐದನೆಯ ದಿನ. ಅಡುಗೆಯಲ್ಲಿ ಸುಂದರಬಾಯಿಯ ಜೊತೆ ಹೀರಾಬಾಯಿ, ಅವರಿಬ್ಬರಿಗೆ ಹಿಟ್ಟು ಸಾಣಿಸಿ ಕೊಡಲು ನಾನು. ಹೀರಾಬಾಯಿ ಒಲೆಗೆ ತೊಗರಿಕಟ್ಟಿಗೆ ಒಟ್ಟುತ್ತ ಮಾತಾಡುತ್ತಲೇ ಇರುವವಳು.

“ಸುಂದ್ರವ್ವಾ, ನಿನ್ನ ಗಂಡನ ದನಿ ಇವತ್ತ ತಗ್ಗಿಗಿ ಇಳದೈತಿ ನೋಡು.”

ಸುಂದರಬಾಯಿಯ ಕೈ ಬೀಳುತ್ತಿತ್ತು, ರೊಟ್ಟಿ ತಿರುಗುತ್ತಿತ್ತು. ತುಟಿ ಮುಚ್ಚಿತ್ತು, ಗಂಟಲ ಹತ್ತಿರ ಮಾತ್ರ ಚರ್ಮ ಅಲುಗುತ್ತಿತ್ತು.

“ನಿನ್ನಿ ಏನ ಹಾಕಿದ್ದೆ ಉಣ್ಣಾಕ? ಉಪಾಸ ಕೆಡವಿದಿಯೇನ?” ಎಂದಳು ಹೀರಾಬಾಯಿ.

ಆಗ ಸುಂದರಬಾಯಿಯ ಕೈ ತಪ್ಪಿತು. ರೊಟ್ಟಿ ಅಂಚಿನಲ್ಲಿ ಹರಿಯಿತು. ಅವಳ ಕೈಯಲ್ಲಿ ರೊಟ್ಟಿ ಹರಿದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಏನಾಯಿತೆಂದು ನಾನು ಅವಳ ಮುಖ ನೋಡುವಷ್ಟರಲ್ಲಿ, ಆಚೆ ತಂತಿ ನಿಂತಿತ್ತು. ಕಿಂಡಿಯಿಂದ ಏನೂ ಬರುತ್ತಿರಲಿಲ್ಲ.

ಅವಳು ಬಾಯಿ ಬಿಟ್ಟಳು.

“ನಮಃ ಶಿವಾಯ” ಎಂಬುದು ಅವಳ ಗಂಟಲಿನಿಂದ ಒಣಮರ ಸೀಳಿದಂತೆ ಹೊರಟಿತು. ಹೀರಾಬಾಯಿ ಬೆಚ್ಚಿ ಕಟ್ಟಿಗೆ ಕೈಬಿಟ್ಟಳು. ಸುಂದರಬಾಯಿ ನಾಮ ಹೇಳುತ್ತಲೇ ಎದ್ದಳು, ಕಿಂಡಿಗೆ ಮುಖ ಕೊಟ್ಟು ಹೇಳಿದಳು, ಆಮೇಲೆ ಹಿಟ್ಟು ಮೆತ್ತಿದ ಕೈಯಲ್ಲೇ ಗೋಡೆ ಹಿಡಿದು ಗುಡಿಯ ಪಕ್ಕದ ಬಾಗಿಲಿಗೆ ಹೋದಳು. ನಾವಿಬ್ಬರೂ ಹಿಂದೆ ಓಡಿದೆವು.

ಶಿವರಾಯ ಕಂಬಕ್ಕೆ ಒರಗಿದ್ದ. ಮೊಣಕಾಲು ಬಾಗಿದ್ದವು. ಕಣ್ಣು ಮುಚ್ಚಿದ್ದವು. ವೀಣೆ ಕೊರಳಲ್ಲೇ ಇತ್ತು, ನೆಲಕ್ಕೆ ತಾಗಿರಲಿಲ್ಲ. ಮುಖದಲ್ಲಿ ಯಾವ ಕಷ್ಟವೂ ಇರಲಿಲ್ಲ. ತಾಯಿ ತೊಡೆಯ ಮೇಲಿನ ಕೂಸಿನ ಮುಖ ಇರುವ ಹಾಗೆ ಇತ್ತು. ಎದೆ ಏರಿ ಇಳಿಯುತ್ತಿದ್ದುದನ್ನು ನೋಡಿ ನನಗೆ ಜೀವ ಬಂತು. ಸುಂದರಬಾಯಿ ಹೊಸ್ತಿಲಲ್ಲೇ ನಿಂತಳು. ಗಂಡನನ್ನು ಹಿಡಿಯಲೆಂದು ಕೈ ಮುಂದೆ ಹೋಯಿತು, ಹಿಟ್ಟಿನ ಕೈ ಎಂದು ಹಿಂದೆ ಬಂತು. ನಾಮ ಬಿಡಲಿಲ್ಲ.

ಅಷ್ಟರಲ್ಲಿ ಮಲ್ಲಣ್ಣ ಮುಂದಿನ ಪಾಳಿಗೆಂದು ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಒಳಗೆ ಬಂದ. ಬಿಸಿಲಿನಿಂದ ಬಂದ ಕಣ್ಣು, ಗುಡಿಯೊಳಗೆ ಅರೆಗತ್ತಲು. ವರ್ಷವರ್ಷದ ರೂಢಿ ಅವನನ್ನು ನಡೆಸಿತು. ನಾಮ ಯಾವ ಕಡೆಯಿಂದ ಬರುತ್ತಿತ್ತೋ ಆ ಕಡೆ ಹೋದ, ಅದರ ಮೇಲೆ ತನ್ನ ನಾಮ ಹತ್ತಿಸಿದ, ಬಗ್ಗಿ ಎರಡೂ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಪಟ್ಟಿಗೆಂದು ಕೈ ಮೇಲೆತ್ತಿದರೆ ಅಲ್ಲಿ ವೀಣೆಯಿಲ್ಲ. ಹಿಟ್ಟಿನ ಕೈಯ ಸುಂದರಬಾಯಿ!

ಅವನ ಕಣ್ಣು ದೊಡ್ಡವಾದವು. ಆದರೆ ನಾಮ ಹತ್ತಿಸಿಯಾಗಿತ್ತು, ಬಿಡುವಂತಿರಲಿಲ್ಲ. ಹೇಳುತ್ತಲೇ ಕಂಬದ ಹತ್ತಿರ ಹೋಗಿ ಶಿವರಾಯನ ಕೊರಳಿಂದ ವೀಣೆ ತೆಗೆದು ತನ್ನ ಕೊರಳಿಗೆ ಹಾಕಿಕೊಂಡ. ಆಗ ಸುಂದರಬಾಯಿ ಬಾಯಿ ಮುಚ್ಚಿ ಗಂಡನ ಹತ್ತಿರ ಕುಸಿದಳು.

ನೀರು ಹೊಡೆದ ಮೇಲೆ ಶಿವರಾಯ ಕಣ್ಣು ಬಿಟ್ಟ. ಇಷ್ಟು ಹೊತ್ತಿಗೆ ಮರದ ಕೆಳಗಿನವರೆಲ್ಲ ಎದ್ದು ಬಂದಿದ್ದರು. ಹೊಲದಿಂದಲೂ ಜನ ಬರತೊಡಗಿದರು, ಏಕೆಂದರೆ ಹಾರನ್ನಿನಲ್ಲಿ ಎಲ್ಲರೂ ಕೇಳಿದ್ದರು. ತಂತಿ ನಿಂತದ್ದನ್ನೂ ಕೇಳಿದ್ದರು, ಹೆಂಗಸಿನ ದನಿಯನ್ನೂ ಕೇಳಿದ್ದರು. ಒಬ್ಬಳು ತನ್ನ ಸತ್ತ ಅವ್ವನೇ ಕರೆದಳೆಂದು ಕುಡುಗೋಲು ಬಿಟ್ಟು ಬಂದಿದ್ದಳು.

ಗುಡಿಕಟ್ಟೆಯ ಮೇಲೆ ಮಾತು ಶುರುವಾಯಿತು. ಸಪ್ತಾಹ ಮುರಿಯಿತು ಎಂದರು ಕೆಲವರು. ಜಿಡಗಾ ಮಠಕ್ಕೆ ಹೋಗಿ ಕೇಳಿಕೊಂಡು ಬರೋಣ ಎಂದರು ಕೆಲವರು. ಗೌಡರು ಕೈಯೆತ್ತಿ ಸುಮ್ಮನಿರಿಸಿದರು.

“ಹೋಗಿ ಬರೂದ್ರಾಗ ಶಿವರಾತ್ರಿ ಬರತೈತಿ. ಇಲ್ಲೇ ನೋಡೂಣು. ಲಾಡ್ಲೆಸಾಬ, ಮೈಕಿನ ಮುಂದ ನೀ ಒಬ್ಬನೇ ಎಚ್ಚರಿದ್ದಿ. ಏನಾತು ಹೇಳು.”

ಲಾಡ್ಲೆಸಾಬ ಮುಂದೆ ಬಂದ. “ತಂತಿ ಬಂದ್ ಆತ್ರಿ. ಮದ್ಲು ಕರೆಂಟ್ ಹೋತೇನೋ ಅನಕೊಂಡೆ. ನೋಡ್ತೇನಿ, ಲೈಟ್ ಹತ್ತೇ ಐತಿ. ಜರಾ ಕಿವಿ ಕೊಟ್ಟೆ. ಸಣ್ಣಾಗಿ ನಾಮ ಬರಾಕತ್ತಿತ್ರಿ, ಭಾಳ ದೂರದಿಂದ ಬಂದಂಗ. ಕೇಳವಲ್ದಲ್ಲ ಅಂತ ದನಿ ಬಟನ್ ತಿರುವಿದೆ. ಅಷ್ಟರಾಗ ಏಕದಂ ಯಕ್ಕನ ದನಿ ಬಂತ್ರಿ, ಎದಿ ಝಲ್ ಅಂತು.”

ಜನ ನಕ್ಕರು. ಒಳಗೆ ಮಲ್ಲಣ್ಣ ವೀಣೆ ಹಿಡಿದು ನಾಮ ಹೇಳುತ್ತ ಬಾಗಿಲಿನತ್ತ ತಿರುಗಿ ನಿಂತಿದ್ದ. ಬಾಯಲ್ಲಿ ಶಿವನಾಮ, ಹುಬ್ಬಿನಲ್ಲಿ ಜಗಳ. ಇಲ್ಲ ಇಲ್ಲ, ಮುರಿದಿದೆ ಎಂಬಂತೆ ತಲೆ ಅಲ್ಲಾಡಿಸುತ್ತಿದ್ದ. ಮಾತಾಡಲು ಆಗದ್ದಕ್ಕೆ ನಾಮವನ್ನೇ ಜೋರು ಮಾಡಿದ.

“ನೀ ಹುಬ್ಬ ಹಾರಸಬ್ಯಾಡೋ ತಮ್ಮಾ,” ಎಂದಳು ಹೀರಾಬಾಯಿ. “ನೀನೇ ಆಕಿ ಕಾಲಿಗಿ ಬಿದ್ದು ನಾಮ ತಗೊಂಡಿ. ನಾ ಕಣ್ಣಾರ ನೋಡೇನಿ. ಈಗ ಇಲ್ಲ ಅಂತಿಯೇನ?”

ಮಲ್ಲಣ್ಣನ ತಲೆ ಅಲ್ಲಾಡುವುದು ನಿಂತಿತು.

ಹಿಂದಿನಿಂದ ಒಬ್ಬರು ಎಂದರು, “ಹೆಣ್ಣುಮಗಳು ನಾಮ ಹಿಡದ್ರ ನಡೀತೈತೇನು?”

“ಆಕಿ ಕೊರಳಾಗ ಲಿಂಗ ಐತಿಲ್ಲೋ?” ಎಂದರು ಗೌಡರು. “ಅದರ ಮಾತು ಇಲ್ಲಿ ಬ್ಯಾಡ. ನನಗ ಬೇಕಾದ್ದು ಒಂದೇ.” ಅವರು ಶಿವರಾಯನ ಕಡೆ ತಿರುಗಿದರು. “ಏನಾತಪಾ?”

ಶಿವರಾಯ ತಲೆಯೆತ್ತಲಿಲ್ಲ. “ಕಣ್ಣು ಮುಚ್ಚಿದ್ದು ಖರೇರಿ. ಆದರ ನನಗ ನಾಮ ಕೇಳತಿತ್ತು. ನಾನೇ ಹೇಳಾಕತ್ತೇನಿ ಅನಕೊಂಡಿದ್ದೆ.”

ಯಾರೂ ನಗಲಿಲ್ಲ. ಗೌಡರು ಸುಂದರಬಾಯಿಯನ್ನು ಕರೆದರು. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಕಟ್ಟೆಯ ಕೆಳಗೆ ಬಂದು ನಿಂತಳು. ಕೈಯ ಹಿಟ್ಟು ಒಣಗಿ ಬಿರಿದಿತ್ತು.

“ತಂಗೀ, ವಿಚಾರ ಮಾಡಿ ಹೇಳು. ಅವನ ನಾಮ ನಿಂತ ಮ್ಯಾಲ ನೀ ಸುರು ಮಾಡಿದ್ಯೋ, ಮದ್ಲೇ ಹೇಳಾಕತ್ತಿದ್ಯೋ?”

“ಮದ್ಲೇ ಹೇಳಾಕತ್ತಿದ್ದೆ,” ಎಂದಳು ಅವಳು.

“ಯಾವಾಗಿಂದ?”

“ಮದುವ್ಯಾಗಿ ಬಂದಾಗಿಂದ. ಅವರು ಆ ಕಡಿ ಹೇಳತಾರ, ನಾ ಈ ಕಡಿ ಹೇಳತೇನಿ. ಕೇಳೂವಂಗ ಹೇಳತಿರಲಿಲ್ರಿ, ಅಷ್ಟೇ. ಇವತ್ತ ಕೇಳೂವಂಗ ಹೇಳಿದೆ.”

ನಾನು ಪಕ್ಕದಲ್ಲಿ ಕೂತು ಅವಳ ಗಂಟಲ ಚರ್ಮ ಅಲುಗುವುದನ್ನು ವರ್ಷಗಟ್ಟಲೆ ನೋಡಿದವಳು. ಹೌದೆಂದು ನಾನೂ ಹೇಳಿದೆ. ಹೀರಾಬಾಯಿಯೂ ಹೇಳಿದಳು. “ನಾ ಇಷ್ಟ ವರ್ಷ ಆಕಿ ಎಲಿಅಡಿಕಿ ಹಾಕ್ಕೊಂಡಾಳ ಅನಕೊಂಡಿದ್ದೆ,” ಎಂದು ಸೇರಿಸಿದಳು.

ಗೌಡರು ಎದ್ದು ನಿಂತರು. “ಹಂಗಾದ್ರ ನಾಮದ ಮ್ಯಾಲ ನಾಮ ಹತ್ತೈತಿ. ಶಿವರಾಯ ಬಿಟ್ಟ, ಈಕಿ ಹಿಡದ್ಲು, ಮಲ್ಲಣ್ಣ ಈಕಿ ಕಾಲಿಗಿ ಬಿದ್ದು ತಗೊಂಡ. ಸಪ್ತಾ ಮುರದಿಲ್ಲ.” ಜನರ ಉಸಿರು ಹೊರಬಿದ್ದದ್ದು ಕೇಳಿಸಿತು, ಎಲ್ಲರ ಜೋಳವೂ ಹೊಲದಲ್ಲಿತ್ತು. ಗೌಡರು ಕೈಯೆತ್ತಿದರು. “ಇನ್ನೊಂದು ಮಾತು. ಪಾಳಿ ಹಿಡದವರದು. ಇನ್ನ ಮ್ಯಾಲ ಮಧ್ಯಾನದ ಪಾಳಿ ಸುಂದರಬಾಯಿದು. ನಾಳಿಯಿಂದ ಆಕಿನೇ ನಿಲ್ಲಬೇಕು.”

ಸುಂದರಬಾಯಿಯ ಮುಖ ಬಿಳಿಚಿತು. “ನನಗ ಬ್ಯಾಡ್ರಿ ಗೌಡ್ರ. ಅವರದು ಅವರಿಗೇ ಇರಲಿ.”

“ಅವಂದು ಅಂದ್ರ ನಾಮ ಮುರದಂಗ. ನಿಂದು ಅಂದ್ರ ಮುರದಿಲ್ಲ. ಎರಡೂ ಹೆಂಗಾಗತೈತಿ ತಂಗೀ?”

ಅವಳು ಗಂಡನನ್ನು ನೋಡಿದಳು. ಅವನು ತನ್ನ ಕೊರಳನ್ನು ಸವರಿಕೊಳ್ಳುತ್ತಿದ್ದ, ಪಟ್ಟಿ ಇದ್ದ ಜಾಗವನ್ನು. ಊರೆಲ್ಲ ಅವಳ ಬಾಯಿಯನ್ನೇ ನೋಡುತ್ತಿತ್ತು. ಒಳಗೆ ಮಲ್ಲಣ್ಣನ ತಂತಿ ನುಡಿಯುತ್ತಲೇ ಇತ್ತು.

“ಹೂಂ ಅನ್ನು ಬೇ,” ಎಂದ ಶಿವರಾಯ, ನೆಲ ನೋಡುತ್ತಲೇ.

ಅವಳು ಹೂಂ ಎಂದಳು.

ಅಂದು ದೀಪ ಹಚ್ಚುವ ಹೊತ್ತಿಗೆ ಗೋಡೆಯಾಚೆಯಿಂದ ಅವರ ಮಾತು ಕೇಳಿತು. ಕಿವಿಗೊಡಬಾರದಿತ್ತು, ಆದರೆ ಗೋಡೆ ತೆಳುವು.

“ಸಿಟ್ಟಾಗೀರೇನ್ರಿ?”

“ಸಿಟ್ಟಲ್ಲ.”

“ಮತ್ಯಾಕ ಉಣವಲ್ರಿ?”

“ನಾಳಿ ಮಧ್ಯಾನ ನಾ ಏನ ಮಾಡ್ಲಿ ಅಂತ ವಿಚಾರ ಮಾಡಾಕತ್ತೇನಿ.”

ತಟ್ಟೆ ಸರಿಸಿದ ಸದ್ದು ಕೇಳಿತು. ಆಮೇಲೆ ಸುಂದರಬಾಯಿ ಎಂದಳು, “ರೊಟ್ಟಿ ಬಡೀರಿ.”

ಅವನು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಡೆಯಿತು. ಕೆಮ್ಮು ನಿಂತ ಮೇಲೆ, “ವೀಣಾ ಹೆಂಗಂದ್ರ ಹಂಗ ಹಿಡೀಬಾರದು, ಕೂಸಿನ್ನ ಹಿಡದಂಗ ಹಿಡೀಬೇಕು. ಆ ಮೊರ ತಗೊಂಡು ಬಾ, ತೋರಸ್ತೇನಿ,” ಎಂಬುದು ಕೇಳಿತು. ಮೊರವನ್ನು ವೀಣೆ ಮಾಡಿಕೊಂಡು ಇಬ್ಬರೂ ಎಷ್ಟು ಹೊತ್ತು ನಿಂತಿದ್ದರೋ ನನಗೆ ತಿಳಿಯದು. ನನಗೆ ನಿದ್ದೆ ಬಂತು.

ಮರುದಿನ ಮಧ್ಯಾಹ್ನ ಅವಳು ನಿಂತಳು. ಮೊದಲು ಬೆಳಗಿನವರಿಂದ ನಾಮ ಹತ್ತಿಸಿಕೊಂಡಾಗ ದನಿ ಹೊರಡಲೇ ಇಲ್ಲ, ಬರೀ ಗಾಳಿ ಬಂತು. ಎರಡನೆಯ ಸಲಕ್ಕೆ ಬಂತು. ಬಂದದ್ದು ಅದೇ ಒಡಕು ದನಿ. ಹಾರನ್ನಿನಲ್ಲಿ ಅದು ಇನ್ನೂ ಒಡೆದು ಕೇಳಿತು. ಮರದ ಕೆಳಗೆ ಯಾರೋ ಕಿಸಕ್ಕೆಂದರು. ಪಟ್ಟಿಯನ್ನು ಅವಳ ಕೊರಳಿಗೆ ಸರಿಮಾಡಿ ಕೊಟ್ಟವನು ಶಿವರಾಯನೇ. ತಂತಿಯನ್ನು ಜಗ್ಗಬೇಡ, ಮುಟ್ಟಿ ಬಿಡು ಎಂದು ಬೆರಳಿನಿಂದ ತೋರಿಸಿ, ಅವಳ ಕಾಲಿಗೆ ಬಾಗಲು ಹೋದ. ಅವಳು ನಾಮ ಹೇಳುತ್ತಲೇ ಹಿಂದೆ ಸರಿದಳು, ಅವನು ನೆಲ ಮುಟ್ಟಿ ಹಣೆಗೆ ಒತ್ತಿಕೊಂಡ.

ಆಮೇಲೆ ಅವನು ಅಡುಗೆಯ ಕಡೆಗೆ ಬಂದು ಒಲೆಯ ಮುಂದೆ ಕೂತ.

“ಏನ್ರಿ ಮಾವಾ, ಇತ್ಲಾಗ ಬಂದ್ರಿ? ರೊಟ್ಟಿ ಬಡಿಯಾಕ ಬರತೈತೇನು?” ಎಂದಳು ಹೀರಾಬಾಯಿ.

“ಉರಿ ಹಾಕತೇನಿ ತಗೋ.”

“ಉರಿ ಹಾಕಾಕ ಹಣಿ ತುಂಬ ವಿಭೂತಿ ಯಾಕ ಬೇಕಾತೋ!”

ಶಿವರಾಯ ಉತ್ತರಿಸದೆ ತೊಗರಿಕಟ್ಟಿಗೆ ಮುರಿದು ಮುರಿದು ಇಟ್ಟ. ಸ್ವಲ್ಪ ಹೊತ್ತಿಗೆ ಅವನ ತುಟಿ ಅಲುಗಿತು. ಮೊದಲು ತುಟಿ ಮಾತ್ರ, ಆಮೇಲೆ ದನಿ. ದಮ್ಮು ಬಂದಾಗ ನಿಲ್ಲಿಸುವನು, ಉಸಿರು ಕೂಡಿಸಿಕೊಂಡು ಮತ್ತೆ ಹಿಡಿಯುವನು. ನಿಲ್ಲಿಸಿದರೆ ಈಗ ಯಾರೂ ಕೇಳುವವರಿರಲಿಲ್ಲ. ಅವನ ಮುಖ ಅಷ್ಟು ಹಗುರಾದದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಅದನ್ನು ನೋಡಿ ನನಗೆ ಖುಷಿಯೂ ಆಯಿತು, ಒಳಗೆಲ್ಲೋ ಕಳವಳವೂ ಆಯಿತು. ಅಪ್ಪನಿಂದ ಬಂದದ್ದು ಅವನ ಕೊರಳಿಂದ ಹೋಗಿತ್ತಲ್ಲ.

ಗೋಡೆಯಾಚೆ ಸುಂದರಬಾಯಿಯ ದನಿ ನಿಧಾನವಾಗಿ ಒಂದು ದಾರಿ ಹಿಡಿಯಿತು. ಚಲೋ ಆಯಿತೆಂದು ನಾನು ಹೇಳಲಾರೆ. ಚಲೋ ಆಗಲಿಲ್ಲ. ಆದರೆ ಆ ಬಿಳಿ ಬಿಸಿಲಿನಲ್ಲಿ, ನಿದ್ದೆ ಎಚ್ಚರಗಳ ನಡುವೆ, ಅದು ದನಿಯೆಂದು ಅನ್ನಿಸುವುದು ನಿಂತುಹೋಯಿತು. ಕೆರೆ ಏರಿಯ ಮೇಲೆ ಗಾಳಿ ಬೀಸುತ್ತಿದೆ, ಯಾರೋ ಬಹಳ ದೂರದಲ್ಲಿ ಬೀಸುಕಲ್ಲು ತಿರುಗಿಸುತ್ತಿದ್ದಾರೆ, ಸಣ್ಣವಳಿದ್ದಾಗ ಅವ್ವ ನನ್ನ ತಲೆ ಹಿಕ್ಕುತ್ತಿದ್ದಾಳೆ, ಹೀಗೆಲ್ಲ ಅನ್ನಿಸುತ್ತ ಹೋಯಿತು. ಮರದ ಕೆಳಗಿನವರು ನಗುವುದು ಬಿಟ್ಟು ಮಗ್ಗುಲಾದರು. ಹೊಲದವರು ಬಗ್ಗಿ ಜೋಳ ಕೀಳತೊಡಗಿದರು. ಲಾಡ್ಲೆಸಾಬನನ್ನು ಹೀರಾಬಾಯಿ ಹೊರಗೆ ಹೋಗಿ ಕೇಳಿದಳು, “ಏ ಸಾಬಾ, ಆ ಬಟನ್ ಜರಾ ಇಳಸ್ತಿಯೇನ?” ಅವನು, “ನಿನ್ನಿ ಎಷ್ಟು ತಿರುವಿದ್ದೆನೋ ಅಷ್ಟೇ ಐತಿ ಯಕ್ಕಾ, ಇರಲಿ ಬಿಡ್ರಿ,” ಎಂದ.

ಸಪ್ತಾಹ ಮುಗಿಯಿತು, ನಾಮ ತುಂಡಾಗದೆ. ಆ ಪಾಳಿ ಅವಳದಾಗಿಯೇ ಉಳಿಯಿತು. ಮುಂದೆ ಕೆಲವು ವರ್ಷಕ್ಕೆ ಶಿವರಾಯ ತೀರಿಕೊಂಡ. ಆ ವರ್ಷ ಅವಳು ನಿಲ್ಲುವುದಿಲ್ಲವೆಂದು ಎಲ್ಲರೂ ಅಂದುಕೊಂಡಿದ್ದರು. ಅವಳು ನಿಂತಳು. ಘತ್ತರಗಿಯ ದೇವಿಗೆ ನಡೆದು ಹೋಗುವ ಪರವೂರಿನವರು ಅವಳ ದನಿ ಕೇಳಿ, ಇದು ಯಾರು, ಇವರಿಗೆ ಹಾಡುವವರೇ ಸಿಗಲಿಲ್ಲವೇ ಎಂದು ಕೇಳುತ್ತಿದ್ದರು. ನಮ್ಮೂರವರಿಗೆ ಅಂಥ ಪ್ರಶ್ನೆಯೇ ತಿಳಿಯುತ್ತಿರಲಿಲ್ಲ. ಆಮೇಲೆ ಹುಟ್ಟಿದ ಮಕ್ಕಳಿಗೆ ಮಧ್ಯಾಹ್ನದ ಶಿವನಾಮವೆಂದರೆ ಆ ದನಿಯೇ.

ಇವೆಲ್ಲ ಆಮೇಲಿನ ಮಾತು. ನನಗೆ ನೆನಪಿರುವುದು ಆ ಮೊದಲ ಸಪ್ತಾಹ ಮುಗಿದ ಮರುದಿನದ ಬೆಳಗು. ಹೊತ್ತು ಏರುವ ಮುಂಚೆ ಕೊಡ ಹಿಡಿದು ಬೋರಿಂಗಿಗೆ ಹೋದೆ. ಅವರಿಬ್ಬರೂ ಅಲ್ಲಿದ್ದರು. ಶಿವರಾಯ ಹಿಡಿಕೆ ಒತ್ತುತ್ತಿದ್ದ. ನಾಲ್ಕು ಸಲ ಒತ್ತುವನು, ನಿಲ್ಲುವನು, ಉಸಿರೆಳೆಯುವನು.

“ಬಿಡ್ರಿ, ನಾ ಒತ್ತತೇನಿ,” ಎಂದಳು ಸುಂದರಬಾಯಿ. ಅವಳ ದನಿ ಪೂರಾ ಕಟ್ಟಿಹೋಗಿತ್ತು, ಪಿಸುಮಾತಿನಂತೆ ಬಂತು.

“ಎಲ್ಲಾ ನೀನೇ ತಗೋತಿಯೇನ? ಇದಾದ್ರೂ ಇರಲಿ ನನಗ,” ಎಂದ ಶಿವರಾಯ. “ಕೊಡ ಹಿಡಿ, ನೀರು ಹೊರಗ ಚೆಲ್ಲಾಕತ್ತೈತಿ.”

ಅವಳು ಕೊಡವನ್ನು ಒಂದಿಷ್ಟು ಸರಿಸಿ ಅದರ ಬಾಯಿಯನ್ನು ಧಾರೆಯ ಕೆಳಗೆ ಹಿಡಿದಳು. ಅವನು ಮತ್ತೆ ಒತ್ತಿದ. ಕೊಡ ತುಂಬಿತು. ಅವಳು ಸಿಂಬಿಯನ್ನು ತಲೆಗೆ ಇಟ್ಟುಕೊಂಡಳು, ನಾನೂ ಅವನೂ ಸೇರಿ ಕೊಡವನ್ನು ಅವಳ ತಲೆಗೆ ಎತ್ತಿಕೊಟ್ಟೆವು, ಅವಳು ಮನೆಯ ಕಡೆ ನಡೆದಳು. ನಾನು ನನ್ನ ಕೊಡ ಇಟ್ಟೆ.